ಗುಳೆ ಹೋದ ಮಕ್ಕಳು ಮತ್ತು ಕಾಲೇಜಿನ ಬಾಗಿಲು

(ಬಳಗದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾಡು, ನೀರು, ಮಣ್ಣನ್ನು ಕುರಿತು ಚಿಂತಿಸುವ ಸಭೆಯಲ್ಲಿ ಕಾಲೇಜು ಪ್ರವೇಶದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಜನ ಕಳೆದುಕೊಂಡದ್ದು ತೋಟ-ಗದ್ದೆಗಳನ್ನಷ್ಟೇ ಅಲ್ಲ. ಊರಿನೊಡನೆ ಮಕ್ಕಳ ಓದಿನ ನೆಲೆಯೂ ಕದಲಿತು. ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸ್ಥಳಾಂತರಕ್ಕೆ ಎರಡು ಮುಖಗಳಿವೆ. ನಾರಾಯಣಪುರದ ಬಸವಸಾಗರದ ಕಾಲುವೆ ಹಲವು ಊರುಗಳಿಗೆ ಹಸಿರು ತಂದಿತು. ಕಾಲುವೆ ಮುಟ್ಟದ ಒಣಭೂಮಿಯ ಕುಟುಂಬಗಳು ಮಾತ್ರ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತಲೇ ಇವೆ. ಇತ್ತ ನದಿ ದಂಡೆಯವರನ್ನು 2009 ಮತ್ತು 2019ರ ಪ್ರವಾಹಗಳು ಮನೆ ಬಿಡಿಸಿದವು.

ಈಗ ನಿಯಮವನ್ನು ನೋಡೋಣ. ರಾಜ್ಯದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15ರಷ್ಟು ಮೀಸಲಾತಿಯಿದೆ. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹಳ್ಳಿಯಲ್ಲೇ ಓದಿರಬೇಕು. ಸುರಪುರದ ಕಡೆಯ ಹುಡುಗಿಯೊಬ್ಬಳು ತಂದೆತಾಯಿಯರೊಡನೆ ಹೋಗಿ ಎರಡು ವರ್ಷ ಬೆಂಗಳೂರಿನ ಸರ್ಕಾರಿ ಶಾಲೆಯಲ್ಲಿ ಓದಿದಳೆಂದು ಭಾವಿಸಿ. ಆಕೆ ಗ್ರಾಮೀಣಳಲ್ಲ! ಹಳ್ಳಿಯ ಬಡತನವೇ ಆಕೆಯನ್ನು ನಗರಕ್ಕೆ ಅಟ್ಟಿತು. ಹಾಗೆ ಅಟ್ಟಿದ್ದೇ ಆಕೆಯ ಹಕ್ಕನ್ನೂ ಕಸಿಯಿತು.

2013ರಲ್ಲಿ ಜಾರಿಗೆ ಬಂದ 371 (ಜೆ) ವಿಧಿಯಿಂದ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸ್ಥಾನಗಳು ದೊರೆತದ್ದು ದೊಡ್ಡ ಗಳಿಕೆ. ಆದರೂ ಕಲಬುರಗಿ ನಗರದ ಅನುಕೂಲಸ್ಥರ ಮಗನೂ ಗುಳೆ ಹೋದವರ ಮಗಳೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬೇಕು. ಯೋಜನಾ ನಿರಾಶ್ರಿತರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿಯಿದೆ, ನಿಜ. ಓದಿನ ಮೆಟ್ಟಿಲನ್ನೇ ಹತ್ತಲಾಗದವರಿಗೆ ಅದರಿಂದ ಪ್ರಯೋಜನವೇನು?

ನಿಯಮ ಬಾಗಲಾರದೆಂಬುದು ಸುಳ್ಳು. ಭೀಮರಾಯನಗುಡಿಯ ಕೃಷಿ ಕಾಲೇಜೂ ಸೇರಿದಂತೆ ಕೃಷಿ ಪದವಿಗೆ ರೈತರ ಮಕ್ಕಳ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆಯುಂಟು. ಹೊಲದಲ್ಲಿ ಕಲಿತದ್ದಕ್ಕೂ ಅಂಕವುಂಟು ಎಂದು ನಮ್ಮ ವ್ಯವಸ್ಥೆಯೇ ಒಪ್ಪಿದೆ. ಆ ವಿವೇಕ ಇನ್ನಷ್ಟು ಮುಂದುವರಿಯಲಿ.

ನನ್ನ ಬೇಡಿಕೆಗಳು ಮೂರು. ಗುಳೆ ಅಥವಾ ನೆರೆಯಿಂದ ಊರು ಬಿಟ್ಟ ಅವಧಿಯನ್ನು ಗ್ರಾಮೀಣ ವ್ಯಾಸಂಗವೆಂದೇ ಎಣಿಸಬೇಕು. ಪ್ರವೇಶದ ಕಾಲವೂ ಕೃಷ್ಣೆ ಉಕ್ಕುವ ಕಾಲವೂ ಬಹುಮಟ್ಟಿಗೆ ಒಂದೇ ಆದುದರಿಂದ ನೆರೆಪೀಡಿತರಿಗೆ ತಾತ್ಕಾಲಿಕ ಪ್ರವೇಶ ನೀಡಿ, ಮೂಲ ದಾಖಲೆಗಳಿಗೆ ಕಾಲಾವಕಾಶ ಕೊಡಬೇಕು. ಪ್ರತಿ ಕಾಲೇಜಿನಲ್ಲೂ ಇಂಥವರಿಗೆ ಕೆಲವು ಹೆಚ್ಚುವರಿ ಸ್ಥಾನಗಳೂ, ಅವುಗಳೊಡನೆ ವಿದ್ಯಾರ್ಥಿನಿಲಯವೂ ಇರಬೇಕು.

ಕಿತ್ತು ನೆಟ್ಟ ಸಸಿಗೆ ಮೊದಲ ದಿನಗಳಲ್ಲಿ ನೆರಳು, ನೀರು ಹೆಚ್ಚು ಬೇಕೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಅದನ್ನು ಯಾರೂ ಪಕ್ಷಪಾತವೆನ್ನುವುದಿಲ್ಲ.