ಸಾಯದವರ ಊರು

ಸತ್ತವರು ಎದ್ದು ಬರುವ ಕತೆ ಎಂದೊಡನೆ ಕೊಳೆತ ಮೈ, ಅಟ್ಟಿಸಿಕೊಂಡು ಬರುವ ಗುಂಪು ಕಣ್ಣಿಗೆ ಕಟ್ಟುತ್ತದೆ. ಅಮೆರಿಕದ ‘ರಿವೈವಲ್’ ಕಾಮಿಕ್ಸ್ ಆ ದಾರಿ ಹಿಡಿಯಲಿಲ್ಲ. ಟಿಮ್ ಸೀಲಿಯ ಬರವಣಿಗೆ, ಮೈಕ್ ನಾರ್ಟನ್ ಚಿತ್ರಗಳು. 2012ರಿಂದ 2017ರವರೆಗೆ 47 ಸಂಚಿಕೆಗಳು. ವಿಸ್ಕಾನ್ಸಿನ್ ರಾಜ್ಯದ ವಾಸಾ ಎಂಬ ಸಣ್ಣ ಊರಿನಲ್ಲಿ ಚಳಿಗಾಲದ ಒಂದು ದಿನ ಕೆಲವು ಮೃತರು ಎದ್ದು ಮನೆಗೆ ಮರಳುತ್ತಾರೆ. ನಮ್ಮ ದೆವ್ವಗಳಂತೆ ಇವರ ಪಾದ ಹಿಂದುಮುಂದಾಗಿಲ್ಲ. ಎಲ್ಲರಂತೆಯೇ ಓಡಾಡುತ್ತಾರೆ, ಗಾಯವಾದರೆ ತಾನೇ ಮಾಯುತ್ತದೆ. ಸರ್ಕಾರ ಊರಿಗೆ ದಿಗ್ಬಂಧನ ಹಾಕುತ್ತದೆ.

ಓದುಗರಲ್ಲಿ ಭಿನ್ನಾಭಿಪ್ರಾಯ ಹುಟ್ಟುವುದು ಇಲ್ಲೇ. ಭಯ ಬಯಸಿ ಕೈಗೆತ್ತಿಕೊಂಡವರಿಗೆ ಕತೆ ನಿಧಾನ, ಪಾತ್ರಗಳ ಸಂತೆ, ಗುಟ್ಟು ಬಿಚ್ಚುವುದು ತಡ. ದೂರು ಪೂರಾ ಸುಳ್ಳೇನಲ್ಲ. ನಡುವಿನ ಸಂಚಿಕೆಗಳು ಎಳೆದಾಡುತ್ತವೆ. ಆದರೆ ಮೆಚ್ಚಿದವರು ಹಿಡಿದದ್ದು ಬೇರೊಂದು ಎಳೆಯನ್ನು. ನನ್ನ ಒಲವೂ ಅವರ ಕಡೆಗೇ.

ಪೊಲೀಸ್ ಅಧಿಕಾರಿ ಡೇನಾಳ ತಂಗಿ ಎಮ್. ಚಿಕ್ಕಂದಿನಿಂದ ಮೂಳೆ ಸುಲಭವಾಗಿ ಮುರಿಯುವ ಕಾಯಿಲೆ. ಮನೆಯವರೆಲ್ಲ ಅವಳನ್ನು ಗಾಜಿನಂತೆ ಕಾಯ್ದವರು. ಅವಳೂ ಕೊಲೆಯಾಗಿ ಎದ್ದವಳೆಂಬುದು ಅಕ್ಕನಿಗೆ ಗೊತ್ತಾಗುತ್ತದೆ. ಕೊಂದವರು ಯಾರೆಂದು ಅವಳಿಗೇ ನೆನಪಿಲ್ಲ. ಈಗ ಅವಳ ಮೈಗೆ ಯಾವ ಪೆಟ್ಟೂ ನಿಲ್ಲುವುದಿಲ್ಲ. ಕೊಲೆಯಾದವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೊಲೆಗಾರನನ್ನು ಹುಡುಕುವ ಅಕ್ಕ ಅಳುವುದಾದರೂ ಯಾವಾಗ? ತಂಗಿ ಎದುರಿಗೇ ಇದ್ದಾಳಲ್ಲ! ಅವರ ತಂದೆಯೇ ಅಲ್ಲಿನ ಷೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ. ಮಗಳು ಸತ್ತಿದ್ದಳೆಂಬ ಸುದ್ದಿಯನ್ನು ಅಕ್ಕತಂಗಿಯರು ಮೊದಲಿಗೆ ಅವನಿಂದಲೇ ಮುಚ್ಚಿಡುತ್ತಾರೆ.