ಆಯುಷ್ಯದ ಲೆಕ್ಕ



ಇಂದು ಬಸವ ಜಯಂತಿ. ಕಳೆದ ವರುಷ, 2024ರಲ್ಲಿ, ಇದೇ ಜಯಂತಿ ಮೇ 10ಕ್ಕೆ ಬಂದಿತ್ತು. ಈ ವರುಷ, 2025ರಲ್ಲಿ, ಏಪ್ರಿಲ್ 30ಕ್ಕೆ ಬಂದಿದೆ. ಮುಂಜಾನೆ ನಮ್ಮ ಪ್ರಸಾದ ನಿಲಯದ ಹುಡುಗನೊಬ್ಬ ಬಂದು, "ಅಪ್ಪಾರ, ನನ್ನ ಹುಟ್ಟಿದ ದಿನ ಪ್ರತಿ ವರುಷ ಅದೇ ತಾರೀಖಿಗೆ ಬರತದ. ಬಸವಣ್ಣನವರದು ಮಾತ್ರ ಯಾಕ ಸರಿದಾಡತದ?" ಎಂದು ಕೇಳಿದ. ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ. ದೊಡ್ಡವರು ಕೇಳುವುದನ್ನು ಬಿಟ್ಟಿರುತ್ತೇವೆ.

ಬಸವಣ್ಣನವರ ಜಯಂತಿಯನ್ನು ವೈಶಾಖ ಶುದ್ಧ ತದಿಗೆಯಂದು ಆಚರಿಸುತ್ತೇವೆ. ತಿಥಿ ಎಂಬುದು ಚಂದ್ರನ ಲೆಕ್ಕ. ಚಂದ್ರನ ಹನ್ನೆರಡು ತಿಂಗಳು ಕೂಡಿಸಿದರೆ 354 ದಿವಸ. ಸೂರ್ಯನ ವರುಷಕ್ಕೆ 365. ಪ್ರತಿ ವರುಷ ಹತ್ತು ಹನ್ನೊಂದು ದಿವಸ ಹಿಂದೆ ಬೀಳುತ್ತದೆ. ಹೀಗೆ ಬಿದ್ದದ್ದು ಒಂದು ತಿಂಗಳಷ್ಟಾದಾಗ ಪಂಚಾಂಗದವರು ಅಧಿಕ ಮಾಸವನ್ನು ಸೇರಿಸಿ ಸರಿಮಾಡುತ್ತಾರೆ. ಹತ್ತೊಂಬತ್ತು ವರುಷಕ್ಕೆ ಏಳು ಅಧಿಕ ಮಾಸಗಳು. ಆದ್ದರಿಂದ ನೀವು ಹುಟ್ಟಿದ ತಿಥಿಯೂ ತಾರೀಖೂ ಒಂದು ಸಾರಿ ಅಗಲಿದರೆ, ಸುಮಾರಾಗಿ ಮತ್ತೆ ಕೂಡುವುದು ನಿಮಗೆ 19 ತುಂಬಿದಾಗ, ಆಮೇಲೆ 38ಕ್ಕೆ, 57ಕ್ಕೆ, 76ಕ್ಕೆ. ಒಂದೆರಡು ದಿವಸ ಹೆಚ್ಚು ಕಡಿಮೆಯಾಗುವುದುಂಟು. ಮನೆಗೆ ಹೋಗಿ ಹಳೆಯ ಪಂಚಾಂಗವಿದ್ದರೆ ತೆಗೆದು ನೋಡಿರಿ.

ಈ 76ರ ಮಾತು ನಮಗೆ ಸುಮ್ಮನೆ ಬಂದದ್ದಲ್ಲ. ಕಳೆದ ವರುಷ ಹೋಳಿ ಹುಣ್ಣಿಮೆಯ ದಿನ ಹಿರಿಯರೊಬ್ಬರು ಮಠಕ್ಕೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ. ಹೊಲವಿಲ್ಲ, ಮನೆಯಾಕೆ ಲಿಂಗೈಕ್ಯಳಾಗಿ ಆರು ವರುಷ. ಸಂಧ್ಯಾ ಸುರಕ್ಷಾ ಪಗಾರಕ್ಕೆ ಅರ್ಜಿ ಹಾಕಿದ್ದರು. ಅದಕ್ಕೆ 65 ತುಂಬಿರಬೇಕು. ಕಚೇರಿಯಲ್ಲಿ, "ನಿಮಗಿನ್ನೂ 62, ಮೂರು ವರುಷ ಬಿಟ್ಟು ಬರ್ರಿ" ಎಂದು ಹಿಂದಕ್ಕೆ ಕಳಿಸಿದ್ದರು. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1-1-1962 ಎಂದಿತ್ತು. 2012ರಲ್ಲಿ ಕಾರ್ಡು ಮಾಡಿಸುವಾಗ ವಯಸ್ಸು ಕೇಳಿದರಂತೆ. ಇವರು "ಗೊತ್ತಿಲ್ಲರಿ" ಎಂದರಂತೆ. ಕುಳಿತಿದ್ದ ಹುಡುಗ ಮುಖ ನೋಡಿ ಐವತ್ತು ಎಂದು ಬರೆದುಕೊಂಡನಂತೆ. ವರುಷ ಮಾತ್ರ ಗೊತ್ತಿದ್ದು ದಿನ ಗೊತ್ತಿಲ್ಲದವರಿಗೆ ಜನವರಿ ಒಂದನ್ನು ಹಾಕುವುದು ರೂಢಿ. ಹಿರಿಯರು ನಗುತ್ತ, "ಅಪ್ಪಾರ, ನನ್ನ ಹಿರೇ ಮಗ ಎಪ್ಪತ್ತನೇ ಇಸವಿದವ. ಈ ಚೀಟಿ ಪ್ರಕಾರ ಅವ ಹುಟ್ಟಿದಾಗ ನನಗ ಎಂಟು ವರ್ಷ" ಎಂದರು. ಅವರು ನಕ್ಕರು, ನಮಗೆ ನಗು ಬರಲಿಲ್ಲ.

ನಿಮ್ಮ ತಾಯಿ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆವು. ಹಳ್ಳಿಯ ತಾಯಂದಿರ ಲೆಕ್ಕ ಇಸವಿಯಲ್ಲಿರುವುದಿಲ್ಲ. ಬರ ಬಿದ್ದ ವರುಷ, ಪ್ಲೇಗು ಬಂದು ಊರು ಬಿಟ್ಟ ವರುಷ, ದೊಡ್ಡ ಮಳೆಗೆ ಕೆರೆ ಒಡೆದ ವರುಷ, ಹೀಗೆ ಇರುತ್ತದೆ. ಆ ಲೆಕ್ಕ ಸಡಿಲವೆಂದು ಓದಿದವರು ತಿಳಿಯುತ್ತಾರೆ. ಹಿರಿಯರು ನೆನಪು ಮಾಡಿ ಹೇಳಿದರು: "ಗಾಂಧಿ ಮಹಾತ್ಮನ್ನ ಕೊಂದ ಸುದ್ದಿ ಬಂದಾಗ ನೀ ಹೊಟ್ಟ್ಯಾಗ ಇದ್ದಿ, ಮುಂದ ಹೋಳಿ ಹುಣ್ಣಿವಿ ದಿನ ಹುಟ್ಟಿದಿ ಅಂತಿದ್ಳರಿ ನಮ್ಮವ್ವ."

ಇನ್ನೇನು ಬೇಕು! ಗಾಂಧೀಜಿಯವರ ಹತ್ಯೆಯಾದದ್ದು 1948ನೆಯ ಇಸವಿ ಜನವರಿ 30, ಶುಕ್ರವಾರ. ಅದರ ಮುಂದಿನ ಹೋಳಿ ಹುಣ್ಣಿಮೆ ಸರ್ವಜಿತ್ ಸಂವತ್ಸರದ ಫಾಲ್ಗುಣದ್ದು, ಶಕ 1869. ಶಕಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಹೊಸ ಇಸವಿ ಬಂದು ಯುಗಾದಿ ಇನ್ನೂ ಬಾರದ ತಿಂಗಳುಗಳಲ್ಲಿ 79 ಕೂಡಿಸಬೇಕು. ದಿನ ಮಾರ್ಚ್ 25, ಗುರುವಾರ. ಅವರು ನಮ್ಮೆದುರು ಕುಳಿತದ್ದೂ 2024ರ ಮಾರ್ಚ್ 25, ಅಂದೂ ಹೋಳಿ ಹುಣ್ಣಿಮೆ. ಹತ್ತೊಂಬತ್ತು ನಾಲ್ಕಲೆ ಎಪ್ಪತ್ತಾರು. ತಾಯಿ ಹೇಳಿದ ತಿಥಿಯೂ ನಮ್ಮ ಕ್ಯಾಲೆಂಡರಿನ ತಾರೀಖೂ ಅದೇ ದಿನ ಬಂದು ಕೂಡಿದ್ದವು. ಅಂದು ತಮ್ಮ ಹುಟ್ಟುಹಬ್ಬವೆಂಬುದು ಆ ಹಿರಿಯರಿಗೆ ಗೊತ್ತಿರಲಿಲ್ಲ.

ಮಕ್ಕಳನ್ನು ಕರೆದು ಪಾಟಿ ಕೊಟ್ಟೆವು. 76ನ್ನು 365ರಿಂದ ಗುಣಿಸಿದರೆ 27,740. ನಡುವೆ ಬಂದ ಫೆಬ್ರವರಿ 29ಗಳು, 1952ರಿಂದ 2024ರವರೆಗೆ, ಹತ್ತೊಂಬತ್ತು. ಒಟ್ಟು 27,759 ದಿವಸ. ವಾರ ತಾಳೆ ನೋಡುವುದು ಇನ್ನೂ ಸುಲಭ. ಒಂದು ವರುಷ ಕಳೆದರೆ ವಾರ ಒಂದು ಮನೆ ಮುಂದೆ ಹೋಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ಮನೆ. 76ಕ್ಕೆ 19 ಕೂಡಿಸಿ 95. ಏಳರಿಂದ ಭಾಗಿಸಿದರೆ ಶೇಷ ನಾಲ್ಕು. ಗುರುವಾರದಿಂದ ನಾಲ್ಕು ಮುಂದೆ ಎಣಿಸಿದರೆ ಸೋಮವಾರ. ಅಂದು ಸೋಮವಾರವೇ. ಕಾರ್ಡು ಅವರ ಆಯುಷ್ಯದಿಂದ 13 ವರುಷ, 9 ತಿಂಗಳು, 7 ದಿವಸ ಕದ್ದಿತ್ತು. ದಿವಸದ ಲೆಕ್ಕದಲ್ಲಿ 5,030. ಮಕ್ಕಳು ಈ ಸಂಖ್ಯೆಗಳನ್ನು ದೊಡ್ಡದಾಗಿ ಓದಿ ಹೇಳಿದಾಗ ಹಿರಿಯರು, "ಅದರಾಗ ಉಪಾಸ ಮಲಗಿದ ದಿನ ಎಷ್ಟಂತ ಬರ್ದಿಲ್ಲೇನ್ರಿ?" ಎಂದರು. ಮಕ್ಕಳು ಸುಮ್ಮನಾದರು, ನಾವೂ ಸುಮ್ಮನಾದೆವು.

ಆದರೆ ತಾಯಿಯ ಮಾತು ಕಚೇರಿಗೆ ಸಾಲದು. ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಮನೆಯಲ್ಲಿ ಹುಟ್ಟಿದವರ ಹೆಸರು ಎಲ್ಲಿಯೂ ಇಲ್ಲದಿರುವುದೇ ಹೆಚ್ಚು. ಶಾಲೆಗೆ ಹೋಗಿದ್ದಿರಾ ಎಂದೆವು. ಎರಡು ವರುಷ ಹೋಗಿದ್ದರಂತೆ. ಮಠದ ಗುಮಾಸ್ತರನ್ನು ಜೊತೆಮಾಡಿ ಕಳಿಸಿದೆವು. ಗೆದ್ದಲು ತಿಂದ ದಾಖಲಾತಿ ಪುಸ್ತಕದಲ್ಲಿ ಹೆಸರು ಸಿಕ್ಕಿತು: ಹುಟ್ಟಿದ ದಿನ 1-6-1948.

ಇಲ್ಲಿ ಕುಳಿತಿರುವ ಹಿರಿಯರಲ್ಲಿ ಜೂನ್ ಒಂದರಂದು ಹುಟ್ಟಿದವರು ಕೈ ಎತ್ತಿರಿ ಎಂದರೆ ಅರ್ಧ ಸಭೆ ಕೈ ಎತ್ತೀತು. ನಮ್ಮ ಶಾಲೆಯ ದಾಖಲೆಯಲ್ಲಿಯೂ ಜೂನ್ ಒಂದೇ ಇದೆ! ಇದು ಮಾಸ್ತರರ ಪ್ರಸಾದ. ಮಗು ತಲೆಯ ಮೇಲಿಂದ ಕೈ ಹಾಕಿ ಆಚೆಯ ಕಿವಿ ಮುಟ್ಟಿದರೆ ವಯಸ್ಸಾಯಿತೆಂದು ತಿಳಿದು, ಜೂನಿನಲ್ಲಿ ಶಾಲೆ ತೆರೆಯುವ ದಿನಕ್ಕೆ ವಯಸ್ಸು ತುಂಬುವಂತೆ ಹಿಂದಕ್ಕೆ ಎಣಿಸಿ ಬರೆಯುತ್ತಿದ್ದರು. ಅದರ ಫಲವನ್ನು ಇಂದಿಗೂ ಕಾಣುತ್ತೇವೆ. ಒಂದನೆಯ ತಾರೀಖು ಹುಟ್ಟಿದ ನೌಕರರು ಹಿಂದಿನ ತಿಂಗಳ ಕಡೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಹೀಗಾಗಿ ಮೇ 31 ಬಂತೆಂದರೆ ಊರೂರಲ್ಲಿ ಬೀಳ್ಕೊಡುಗೆಯ ಹಾರಗಳು. ಆ ಮಾಸ್ತರರು ಬರೆದದ್ದು ಸುಳ್ಳು ತಾರೀಖೇ ಸರಿ. ಆದರೂ ತಪ್ಪಿದ್ದು 68 ದಿವಸ ಮಾತ್ರ. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ಕೈ ಹಿಡಿದು, ಕಿವಿ ಮುಟ್ಟಿಸಿ ಬರೆದ ಸುಳ್ಳು ಅದು. ಅದರ ಬಲದಿಂದಲೇ ಕಾರ್ಡು ತಿದ್ದುಪಡಿಯಾಯಿತು, ಪಗಾರವೂ ಮಂಜೂರಾಯಿತು. 2013ರಲ್ಲಿ 65 ತುಂಬಿದಂದಿನಿಂದ ಬರಬೇಕಾಗಿದ್ದ ಹನ್ನೊಂದು ವರುಷದ್ದು ಬರಲಿಲ್ಲ. ಅದನ್ನು ಯಾರನ್ನು ಕೇಳುವುದು?

ಅಂದಿನಿಂದ ನಮ್ಮ ಮಕ್ಕಳಿಗೆ ಲೆಕ್ಕದ ಹುಚ್ಚು ಹಿಡಿದಿದೆ. ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳ ಆಯುಷ್ಯವನ್ನು ಎಣಿಸಿದರು. ಜನನ 1907ರ ಏಪ್ರಿಲ್ 1, ಲಿಂಗೈಕ್ಯ 2019ರ ಜನವರಿ 21. 111 ವರುಷ, 9 ತಿಂಗಳು, 20 ದಿವಸ. ಒಟ್ಟು 40,838 ದಿವಸ. ಏಳರಿಂದ ಭಾಗಿಸಿದರೆ ಶೇಷವೇ ಇಲ್ಲ, ಸರಿಯಾಗಿ 5,834 ವಾರಗಳು. ಹುಟ್ಟಿದ್ದು ಸೋಮವಾರ, ಲಿಂಗೈಕ್ಯರಾದದ್ದೂ ಸೋಮವಾರ. ಕೇಳಿದ ತಾಯಂದಿರು, "ಶಿವನ ವಾರ!" ಎಂದು ಕೈಮುಗಿದರು.

ತಾಯಂದಿರ ಭಕ್ತಿಗೆ ನಾವು ಅಡ್ಡ ಬರುವುದಿಲ್ಲ. ಆದರೆ ವಾರಗಳು ಏಳೇ. ಏಳು ಜನರಲ್ಲಿ ಒಬ್ಬರಿಗಾದರೂ ಹುಟ್ಟಿದ ವಾರ, ಹೋದ ವಾರ ಒಂದಾಗುವುದು ಸಹಜ. ಅವರಲ್ಲಿ ಕಳ್ಳನೂ ಇರಬಹುದು. ವಾರ ತಿಥಿ ನಕ್ಷತ್ರಗಳ ಭಯವನ್ನು ಬಿಡಿಸಿದವರು ನಮ್ಮ ಶರಣರು. ಇಂದು ಅವರದೇ ಜಯಂತಿ, ಇಂದೇ ಅದನ್ನು ಮರೆತರೆ ಹೇಗೆ? ಮಹಾಸ್ವಾಮಿಗಳ ದೊಡ್ಡಸ್ತಿಕೆ ಸೋಮವಾರದಲ್ಲಿಲ್ಲ. 1930ರಲ್ಲಿ ದೀಕ್ಷೆಯಾದ ಮೇಲೆ ಎಂಬತ್ತೆಂಟು ವರುಷಕ್ಕೂ ಹೆಚ್ಚು ಕಾಲ, ಮಂಗಳವಾರವೂ ಅಮಾವಾಸ್ಯೆಯೂ ಎನ್ನದೆ, ಅಲ್ಲಿ ಮಕ್ಕಳಿಗಾಗಿ ಒಲೆ ಉರಿಯಿತಲ್ಲ, ನಮಗೆ ದೊಡ್ಡದಾಗಿ ಕಾಣುವುದು ಅದು.

ಆ ಹಿರಿಯರು ಇಂದು ಸಭೆಗೆ ಬಂದಿದ್ದಾರೆ, ಕಂಬದ ಹತ್ತಿರ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೆ ಸಂಕೋಚ. ನಿಮ್ಮ ಮನೆಯ ಮುದುಕರ ಕಾರ್ಡುಗಳನ್ನು ಒಮ್ಮೆ ತೆಗೆದು ನೋಡಿರಿ. ಜನವರಿ ಒಂದು ಎಂದಿದ್ದರೆ, ಅವರ ತಾಯಿ ಏನೆನ್ನುತ್ತಿದ್ದಳೆಂದು ಕೇಳಿ ಬರೆದು ತನ್ನಿರಿ. ಪ್ರಸಾದವಾದ ಮೇಲೆ ಗುಮಾಸ್ತರು ಕಟ್ಟೆಯ ಮೇಲೆ ಪಂಚಾಂಗಗಳನ್ನು ಇಟ್ಟುಕೊಂಡು ಕುಳಿತಿರುತ್ತಾರೆ. ಈಗ ಪ್ರಸಾದಕ್ಕೆ ಏಳಿರಿ.