ಹಿಮ ಅಂದ್ರೆ ಭದ್ರಾ, ಮಳೆ ಅಂದ್ರೆ ಗಾಜನೂರು

2013ರ ಜೂನ್ 16, 17. ಕೇದಾರನಾಥ. ಆವತ್ತು ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಹಿಮದ ಊರಲ್ಲಿ ಅಷ್ಟೊಂದು ನೀರು ಎಲ್ಲಿಂದ ಬಂತು?

ಉತ್ತರ ನಮ್ಮ ರಾಣೆಬೆನ್ನೂರಿನವರಿಗೆ ಬೇಗ ಅರ್ಥ ಆಗುತ್ತೆ. ನಿಮ್ಮ ತುಂಗಭದ್ರೆಗೆ ಇಬ್ಬರು ತಾಯಂದಿರು. ಭದ್ರಾ ಅಣೆಕಟ್ಟು 71.5 ಟಿಎಂಸಿ ಹಿಡಿಯುತ್ತೆ. ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯೋದು ಬರೀ 3.24. ಶೃಂಗೇರಿ, ತೀರ್ಥಹಳ್ಳಿಯಲ್ಲಿ ನಾಲ್ಕು ದಿನ ಹೊಡೀತು ಅಂದ್ರೆ ಗಾಜನೂರು ತುಂಬಿ ಗೇಟು ತೆಗೀತಾರೆ, ಭದ್ರಾ ಮಾತ್ರ ಇನ್ನೂ ನೀರು ಕುಡೀತಾನೇ ಇರುತ್ತೆ.

ಹಿಮಾಲಯದಲ್ಲಿ ಹಿಮವೇ ಭದ್ರಾ. ಚಳಿಗಾಲದಲ್ಲಿ ಬಿದ್ದದ್ದು ಬೆಟ್ಟದ ಮೇಲೇ ಕೂತು, ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಯುತ್ತೆ. ಆದರೆ ಅದೇ ಎತ್ತರದಲ್ಲಿ ಹಿಮದ ಬದಲು ಮಳೆ ಸುರಿದರೆ? ತಡೆಯೋರೇ ಇಲ್ಲ, ನೇರ ಹೊಳೆಗೆ. ಜತೆಗೆ ಬೆಚ್ಚಗಿನ, ತೇವದ ಗಾಳಿ ಹಳೇ ಹಿಮವನ್ನೂ ಕರಗಿಸಿ ಕಳಿಸುತ್ತೆ. ಆ ವರ್ಷ ಮುಂಗಾರು ಸುಮಾರು ಒಂದು ತಿಂಗಳು ಮೊದಲೇ ಇಡೀ ದೇಶ ಆವರಿಸಿತ್ತು. ಮೇಲೆ ಇನ್ನೂ ಹಿಮ ಇತ್ತು, ಅದರ ಮೇಲೆ ಮಳೆ. 17ರ ಬೆಳಗ್ಗೆ ಚೋರಾಬಾರಿ ಸರೋವರ ಒಡೀತು, ಮಂದಾಕಿನಿ ಊರೊಳಗೇ ಬಂತು.

ಈಗ ಹಾವೇರಿಗೆ ಬನ್ನಿ. ವರದೆ ಹುಟ್ಟೋದು ಸಾಗರದ ಹತ್ತಿರ, ತುಂಗಭದ್ರೆಯನ್ನ ಸೇರೋದು ಗಳಗನಾಥದಲ್ಲಿ. ನಡುವೆ ಭದ್ರಾದಂಥ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅಂದ್ರೆ ಹಿಮ ಇಲ್ಲದ ಬೆಟ್ಟ ಅದು. 2019ರ ಆಗಸ್ಟ್‌ನಲ್ಲಿ ದಂಡೆಯ ಹಳ್ಳಿಗಳು ಮುಳುಗಿದ್ದು ಮರೆತಿಲ್ಲ ತಾನೆ? ಹಾವೇರಿಯಲ್ಲಿ ಬಿಸಿಲು ಇದ್ದರೂ ವರದೆ ಏರಬಹುದು ಸ್ವಾಮಿ.

ಬ್ಯಾಡಗಿಯವರು 'ನಮಗೇನು, ನಮ್ಮೂರಲ್ಲಿ ಹೊಳೆ ಇಲ್ಲ' ಅನ್ನಬಹುದು. ನಿಮ್ಮ ಮಾರ್ಕೆಟ್ಟಿಗೆ ಬರೋ ಮೆಣಸಿನಕಾಯಿ ಎಷ್ಟು ಬಳ್ಳಾರಿ, ರಾಯಚೂರಿಂದು ಅಂತ ದಲಾಲರನ್ನೇ ಕೇಳಿ. ಅದು ಇದೇ ತುಂಗಭದ್ರೆ ನೀರು.

ನಾನು ಕೇಳೋದು ಇಷ್ಟು. ಹಾವೇರಿಯ ಮಳೆ ವರದಿ ಓದುವಾಗ ಸಾಗರ, ಸೊರಬದ ಮಳೆಯನ್ನೂ ಓದಿ. ರಾಣೆಬೆನ್ನೂರಿಗೆ ಗಾಜನೂರಿನ ಹೊರಹರಿವು ಹೇಳಿ. ಆ ಅಂಕಿ ಹೊಳೆದಂಡೆಯ ಪಂಚಾಯಿತಿಯ ಮೈಕಿನಲ್ಲಿ ಕೇಳಿಸಲಿ, ನೀರು ಬರೋ ಮೊದಲು, ಪಂಪ್‌ಸೆಟ್ ಎತ್ತಿ ಇಡೋಕೆ ಟೈಮ್ ಇರೋವಾಗ.